ತಟ್ಟೆ ತೊಳೆದ ನೀರು

"ಇನ್ನೊಂದ್ ಚೂರು ಹಾಕು ಕಣಮ್ಮ," ಎಂದು ಅತ್ತೆ ಬಸಮ್ಮ ತಟ್ಟೆ ಮುಂದೆ ಮಾಡಿದಾಗ ಗಿರಿಜಾಂಬಾ ಇನ್ನೊಂದು ಸೌಟು ಮ್ಯಾಕರೋನಿ ಬಡಿಸಿದಳು. ಆಫೀಸಿನಿಂದ ಬಂದವಳೇ ಮ್ಯಾಕರೋನಿಗೆ ಹಾಲು, ಚೀಸು ಬೆರೆಸಿ, ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸಿದ್ದಳು. ಗಂಡ ಸದಾಶಿವಯ್ಯ ಅಮ್ಮನಿಗೆ ತಿಳಿಯದಂತೆ ಚೀಲದಲ್ಲಿ ಬಚ್ಚಿಟ್ಟು ತಂದ ಮೊಟ್ಟೆಗಳನ್ನೂ ಒಡೆದು ಹಾಕಿದ್ದಳು. ಅತ್ತೆ ಇದನ್ನೆಲ್ಲ ಮುಟ್ಟುವವರಲ್ಲ ಎಂದು ಅವರಿಗಾಗಿ ಮಾಡಿದ ಉಪ್ಪಿಟ್ಟು ಪಕ್ಕದಲ್ಲೇ ಆರುತ್ತಿತ್ತು.

ಬಸಮ್ಮ ಎಂದಿನಂತೆ ಬರಿದಾದ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಬಳಿದು, ಕಣ್ಣು ಮುಚ್ಚಿ ಅಷ್ಟನ್ನೂ ಕುಡಿದರು. ಶಿವನ ಪ್ರಸಾದ ಒಂದಗುಳೂ ಪೋಲಾಗಬಾರದು.

"ನಾಳೆ ಮಠದ ಅಯ್ನೋರು ಪೂಜೆಗೆ ಬರ್ತಾರಲ್ಲ, ಅವರಿಗೂ ಇದನ್ನೇ ಮಾಡ್ಬುಡು."

ಗಿರಿಜಾಂಬಾ ಗಂಡನತ್ತ ನೋಡಿದಳು. ಸದಾಶಿವಯ್ಯ ತಲೆ ಎತ್ತದೆ ತನ್ನ ತಟ್ಟೆಗೂ ನೀರು ಹಾಕಿಕೊಂಡ.