ಎಡಕ್ಕೆ ಸುತ್ತಿದ ಸುರುಳಿ

ಪರದೆಯ ಮೇಲೆ ಪ್ರೋಟೀನಿನ ಸುರುಳಿ ಮೂಡಿದಾಗ ಶಾಮಲಾಳ ಕಣ್ಣು ಮಂಜಾಯಿತು. ಪ್ರೋಟೀನಿನ ಹರಳಿನ ಮೂಲಕ ಹಾಯ್ದ ಎಕ್ಸ್-ರೇ ಮೂಡಿಸುವ ಚುಕ್ಕೆಗಳು ಅಲೆಗಳ ಬಲವನ್ನಷ್ಟೇ ಹೇಳುತ್ತವೆ, ಅವುಗಳ ಏರಿಳಿತ ಎಲ್ಲಿಂದ ಶುರು ಎಂಬ ‘ಫೇಸ್’ ಹೇಳುವುದಿಲ್ಲ; ಅದಿಲ್ಲದೆ ಆಕಾರ ಸಿಗದು. ಹರಳಿಗೆ ಪಾದರಸ ಸೇರಿಸಿ ಆ ಫೇಸ್ ಕಂಡುಹಿಡಿಯಲು ಮೂರು ವರ್ಷ ಹಿಡಿದಿತ್ತು. ಭಾನುವಾರದ ಲ್ಯಾಬಿನಲ್ಲಿ ನೆಲ ಒರೆಸುವ ಇಂದ್ರಾಬಾಯಿಯ ಹೊರತು ಯಾರೂ ಇರಲಿಲ್ಲ.

“ಬಂತು ನೋಡಿ!” ಎಂದಳು ಶಾಮಲಾ.

ಇಂದ್ರಾಬಾಯಿ ಬಗ್ಗಿದಳು. “ಚಲೋ ಐತಿ. ಆದ್ರ ಉಲ್ಟಾ ಸುತ್ತೇತಲ್ರಿ ಮೇಡಂ? ಮುಂಬೈ ಧಾರಾವ್ಯಾಗ ಆರು ವರ್ಷ ಸ್ಕ್ರೂ ಪ್ಯಾಕ್ ಮಾಡೀನಿ. ಇಂಥಾದ್ದು ಬಂದ್ರ ಸೇಠ್ ವಾಪಸ್ ಒಗೀತಿದ್ದ.”

ಶಾಮಲಾ ಸುರುಳಿಯ ಮೇಲೆ ಬೆರಳಾಡಿಸಿದಳು. ಹೌದು, ಎಡಕ್ಕೆ. ಪ್ರೋಟೀನಿನ ಸುರುಳಿ ಬಲಕ್ಕೆ ಸುತ್ತಬೇಕು. ಲೆಕ್ಕ ಕೊಟ್ಟ ಎರಡು ಉತ್ತರಗಳಲ್ಲಿ ಅವಳು ನಿಜವಾದದ್ದನ್ನು ಬಿಟ್ಟು ಅದರ ಕನ್ನಡಿಬಿಂಬವನ್ನು ಆರಿಸಿದ್ದಳು. ತಿದ್ದಲು ಒಂದು ನಿಮಿಷ ಸಾಕು. ಆದರೆ ಈ ಮೂರು ವರ್ಷಗಳಲ್ಲಿ ಅವಳ ಪರದೆಯನ್ನು ಯಾರೂ ಹೀಗೆ ಬಗ್ಗಿ ನೋಡಿರಲಿಲ್ಲ.

ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಅವಳು ಕೆಳಗಿಟ್ಟಳು. “ಕೂತ್ಕೊಳ್ಳಿ, ಸರಿಮಾಡಿ ತೋರಿಸ್ತೀನಿ.”