ಶಿವದಾರದ ಡೊಂಕು

ಲ್ಯಾಪ್‌ಟಾಪಿನ ಪರದೆಯ ಮೇಲೆ ಬಸವಂತಮ್ಮನ ಹಣೆಯ ವಿಭೂತಿ ನೆಟ್ಟಗೆ ಬಂತು, ಮೂಗು ಬಾಯಿ ನೆಟ್ಟಗೆ ಬಂದವು. ಎದೆಯ ಹತ್ತಿರ ಇಳಿದಾಗ ಮಾತ್ರ, ಕೊರಳಿನಿಂದ ಜೋತುಬಿದ್ದ, ಇಷ್ಟಲಿಂಗ ಕಟ್ಟಿದ ಶಿವದಾರ ಡೊಂಕು ಡೊಂಕಾಗಿ ಮೂಡತೊಡಗಿತು. ಪಂಪಾಪತಿ ಥೂ ಅಂದುಕೊಂಡ. ಹೆಣದ ಫೋಟೋ ಕೆಟ್ಟರೆ, ನಾಳೆ ಇನ್ನೊಮ್ಮೆ ಬಂದು ಕೂತುಕೊಳ್ಳಿ ಅನ್ನಲು ಬರುವುದಿಲ್ಲ.

ಕವಿತಾಳದ ರೈಸ್‌ಮಿಲ್ಲಿನ ಚನ್ನವೀರ, ತಾಯಿ ಬೆಳಗಿನ ಜಾವ ತೀರಿಕೊಂಡಳೆಂದು ಅವನನ್ನು ಮಾನ್ವಿಯಿಂದ ಕರೆಸಿದ್ದ. ಮುದುಕಿಯನ್ನು ಮೀಯಿಸಿ, ವಿಭೂತಿ ಹಚ್ಚಿ, ಬೆನ್ನಿಗೆ ದಿಂಬು ಕೊಟ್ಟು ಕುರ್ಚಿಯಲ್ಲಿ ಕೂರಿಸಿದ್ದರು. ಪಂಪಾಪತಿಯದು ಅಪ್ಪನ ಕಾಲದ ಮರದ ದೊಡ್ಡ ಕ್ಯಾಮೆರಾ. ಅದರ ಫಿಲ್ಮು ಸಿಗದೆ ಹೋದಾಗ ಹೈದರಾಬಾದಿನಿಂದ ಹಳೆಯದೊಂದು ಡಿಜಿಟಲ್ ಸೆನ್ಸರ್ ತಂದು ಹಿಂಬದಿಗೆ ಕೂರಿಸಿದ್ದ. ಅದು ಝೆರಾಕ್ಸ್ ಮಷೀನಿನ ಹಾಗೆ ಮೇಲಿನಿಂದ ಕೆಳಗೆ ಒಂದೊಂದೇ ಗೆರೆ ಓದುತ್ತ ಇಳಿಯುತ್ತದೆ. ಒಂದು ಫೋಟೋಕ್ಕೆ ನಾಲ್ಕು ನಿಮಿಷ. ಅಷ್ಟು ಹೊತ್ತು ಅಲುಗದೆ ಕೂರುವ ಜೀವಂತ ಮನುಷ್ಯ ಎಲ್ಲಿದ್ದಾನೆ? ಕೂತವರೆಲ್ಲ ನೀರಿನಲ್ಲಿ ಕಂಡ ನೆರಳಿನಂತೆ ಅಲೆಅಲೆಯಾಗಿ ಬರುತ್ತಿದ್ದರು. ಹಾಗಾಗಿ ಮದುವೆಗೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ, ಸಾವಿಗೆ ಮಾತ್ರ ತಪ್ಪದೆ ಕರೆಯುತ್ತಿದ್ದರು. ಬಾಗಿಲೆತ್ತರಕ್ಕೆ ದೊಡ್ಡದು ಮಾಡಿದರೂ ಹುಬ್ಬಿನ ಕೂದಲು ಬಿಡಿಬಿಡಿಯಾಗಿ ಕಾಣುವ ಫೋಟೋ ಸುತ್ತಮುತ್ತ ಬೇರೆ ಯಾರೂ ತೆಗೆಯುತ್ತಿರಲಿಲ್ಲ. ಆಗೀಗ ಫ್ಯಾನಿನ ಗಾಳಿಗೆ ದಾರವೋ ಹೂವೋ ಡೊಂಕಾದರೆ, ಅಂಗಡಿಗೆ ಹೋಗಿ ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿಬಿಡುತ್ತಿದ್ದ. ಆ ಕೆಲಸದಲ್ಲಿ ಅವನ ಕೈ ಪಳಗಿತ್ತು.

"ಸಾವ್ಕಾರ್ರ, ಆ ಫ್ಯಾನೊಂದು ಆರಸ್ರಿ," ಎಂದ ಪಂಪಾಪತಿ, ತಲೆಯೆತ್ತದೆ.

"ಯಾವ ಫ್ಯಾನು?" ಎಂದ ಬಾಗಿಲಲ್ಲಿ ನಿಂತಿದ್ದ ಚನ್ನವೀರ. "ಕರೆಂಟ್ ಹೋಗಿ ಎರಡು ತಾಸಾತು."

ಪಂಪಾಪತಿ ಮೇಲೆ ನೋಡಿದ. ಫ್ಯಾನ್ ನಿಂತಿತ್ತು. ಕಿಟಕಿಯ ಗಾಜುಗಳೂ ಮುಚ್ಚಿದ್ದವು. ಕ್ಯಾಮೆರಾ ಅಲುಗಿದ್ದರೆ ಹಿಂದಿನ ಗೋಡೆಯೂ ಡೊಂಕಾಗಬೇಕಿತ್ತು, ಕುರ್ಚಿಯೂ ಡೊಂಕಾಗಬೇಕಿತ್ತು. ಅವು ನೆಟ್ಟಗಿದ್ದವು. ದಾರವನ್ನು ಪರದೆಯ ಮೇಲೆ ದೊಡ್ಡದು ಮಾಡಿದ. ಒಂದಾದ ಮೇಲೊಂದು ಏಳು ಅಲೆ, ಎಲ್ಲವೂ ಒಂದೇ ಅಂತರದಲ್ಲಿ. ಗಾಳಿ ಹೀಗೆ ಅಳತೆ ಹಿಡಿದು ಬೀಸುವುದಿಲ್ಲ. ಇಂಥ ಅಲೆಯನ್ನು ಅವನು ಹಿಂದೆಯೂ ನೋಡಿದ್ದ, ಫೋಟೋಕ್ಕೆಂದು ಕೂತ ಜೀವಂತ ಮಂದಿಯ ಉಸಿರಾಡುವ ಎದೆಯ ಮೇಲೆ.

ಹೊರಗೆ ಭಜನೆ ಜೋರಾಗಿ ನಡೆದಿತ್ತು. ಸ್ವಾಮಿಗಳು ಬಂದು ಕೂತಿದ್ದರು. ಹೊಲದಲ್ಲಿ ಗುಣಿ ತೆಗೆದು, ಉಪ್ಪು ವಿಭೂತಿ ಇಟ್ಟುಕೊಂಡು ಕಾಯುತ್ತಿದ್ದರು. ತಾನು ಹೇಳಿದ್ದು ಸುಳ್ಳಾದರೆ ಇಷ್ಟು ಮಂದಿ ತನ್ನನ್ನು ಸುಮ್ಮನೆ ಬಿಡುವುದಿಲ್ಲ. ಹೇಳದೆ ಹೋದರೆ ಏನಾಗುತ್ತದೆ ಎಂಬುದನ್ನು ನೆನೆಯಲಿಕ್ಕೇ ಅವನಿಗೆ ಭಯವಾಯಿತು.

"ಸಾವ್ಕಾರ್ರ, ಬಾಗಿಲಾ ಹಾಕಿ ಒಳಗ ಬರ್ರಿ. ಅವ್ವಾರ್ನ ಡಾಕ್ಟರ್ ನೋಡ್ಯಾರೇನು?"

"ಕಾಂಪೌಂಡರ್ ನೋಡಿ ಹೋಗ್ಯಾನ. ನಾಡಿ ಇಲ್ಲಂದ. ಯಾಕ?"

"ಈ ದಾರ ನೋಡ್ರಿ. ಗ್ವಾಡಿ ನೆಟ್ಟಗದ, ಕುರ್ಚಿ ನೆಟ್ಟಗದ. ಎದಿ ಮ್ಯಾಲಿಂದು ಇದೊಂದೇ ಅಲುಗ್ಯಾದ."

ಚನ್ನವೀರ ಅವನ ಕಾಲರ್ ಹಿಡಿದ. "ನಮ್ಮವ್ವನ ಹೆಣದ ಮುಂದ ಚಾಷ್ಟಿ ಮಾಡಾಕತ್ತೀಯೇನಲೇ?"

ಪಂಪಾಪತಿ ಬಿಡಿಸಿಕೊಳ್ಳಲಿಲ್ಲ. ಫೋಕಸ್ ನೋಡಲು ತಾನು ಕೊರಳಿಗೆ ಹಾಕಿಕೊಂಡಿದ್ದ ಭೂತಗನ್ನಡಿಯನ್ನು ಬಿಚ್ಚಿ ಅವನ ಕೈಗಿಟ್ಟ. "ನಾ ಮುಟ್ಟಂಗಿಲ್ರಿ. ನೀವಾ ಅವ್ವಾರ ಮೂಗಿನ ಮುಂದ ಹಿಡೀರಿ. ಸುಳ್ಳಾದ್ರ ಆಮ್ಯಾಲ ಹೊಡೀರಿ."

ಚನ್ನವೀರ ಹಿಡಿದ. ಗಾಜು ತಾಯಿಯ ತುಟಿಗೆ ತಾಕಿತು. ಏನೂ ಆಗಲಿಲ್ಲ. ಪಂಪಾಪತಿ ಓಡಿಹೋಗಲು ಬೇರೆ ಬಾಗಿಲಿದೆಯೇ ಎಂದು ನೋಡಿದ. ಅಷ್ಟರಲ್ಲಿ ಗಾಜಿನ ಅಂಚಿಗೆ ಉಗುರಿನಷ್ಟು ಮಂಜು ಕೂತಿತು. ಹೋಯಿತು. ಮತ್ತೆ ಕೂತಿತು.

"ಯವ್ವಾ!" ಎಂದು ಚನ್ನವೀರ ಕೂಗಿದ ಕೂಗಿಗೆ ಹೊರಗೆ ಭಜನೆ ನಿಂತುಹೋಯಿತು.

ಬಸವಂತಮ್ಮನನ್ನು ಮಲಗಿಸಿಕೊಂಡು ರಾಯಚೂರಿನ ಆಸ್ಪತ್ರೆಗೆ ಗಾಡಿ ಹೊರಟ ಮೇಲೆ, ಮಂದಿ ಪಂಪಾಪತಿಯನ್ನು ದೇವರು ಮಾಡಿಬಿಟ್ಟರು. ಒಬ್ಬ ಹೆಂಗಸು ಕಾಲಿಗೂ ಬಿದ್ದಳು. ಅವನ ಗಮನ ಮಾತ್ರ ಅಲ್ಲಿರಲಿಲ್ಲ. ಹೋದ ವರ್ಷ ದೇವದುರ್ಗದ ಕಡೆ, ಮಸರಕಲ್ಲಿನ ಈರಯ್ಯನವರನ್ನು ಹೀಗೇ ಕೂರಿಸಿ ಫೋಟೋ ತೆಗೆದದ್ದು ನೆನಪಾಗಿತ್ತು. ಅವತ್ತೂ ಶಿವದಾರ ಡೊಂಕಾಗಿತ್ತು, ಸಾಲಾಗಿ, ಒಂದೇ ಅಂತರದಲ್ಲಿ. ಹಾಳು ಫ್ಯಾನಿನ ಕಾಟ ಎಂದು ಬೈದುಕೊಳ್ಳುತ್ತ, ಅರ್ಧ ದಿನ ಅಂಗಡಿಯಲ್ಲಿ ಕೂತು ಒಂದೊಂದೇ ಅಲೆಯನ್ನು ನೆಟ್ಟಗೆ ಮಾಡಿದ್ದ. ಆ ಮನೆಯಲ್ಲಿ ಫ್ಯಾನ್ ತಿರುಗುತ್ತಿತ್ತೇ? ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

ಮಂದಿಯಿಂದ ದೂರ, ಬೇವಿನ ಮರದ ಹಿಂದೆ ನಿಂತು ಈರಯ್ಯನ ಮಗಳು ವಿಜಯಲಕ್ಷ್ಮಿಗೆ ಫೋನ್ ಹಚ್ಚಿದ.

"ಯವ್ವಾ, ಮಾನ್ವಿ ಫೋಟೋದ ಪಂಪಾಪತಿ ಮಾತಾಡಾಕತ್ತೀನಿ. ಅವತ್ತು ಅಪ್ಪಾರ ಫೋಟೋ ತೆಗಿವಾಗ ಮನ್ಯಾಗ ಫ್ಯಾನ್ ಹಚ್ಚಿದ್ರೇನು?"

"ಫ್ಯಾನಾ? ಆಗಿನ್ನೂ ಹೊಸಮನಿಗಿ ಕರೆಂಟೇ ಬಂದಿದ್ದಿಲ್ಲಲ್ರೀ. ಯಾಕ ಕೇಳಿದ್ರಿ?"

"ಸುಮ್ನ ಕೇಳಿದ್ನಿ, ಫೋಟೋ ಹೆಂಗದ ಅಂತ," ಎಂದ ಪಂಪಾಪತಿ.

"ಫೋಟೋಕ್ಕ ಏನೂ ಆಗಿಲ್ರೀ, ಕಾಳಜಿ ಮಾಡಬ್ಯಾಡ್ರಿ," ಎಂದಳು ಆಕೆ ಸಮಾಧಾನದಿಂದ. "ಪಡಸಾಲ್ಯಾಗ ಹಾಕೀವಿ. ನೋಡಿದವ್ರೆಲ್ಲಾ ಒಂದೇ ಮಾತು ಅಂತಾರ, ಅಪ್ಪಗ ಜೀವ ಇದ್ದಂಗೇ ಅದ ಅಂತ."