ಪೊರೆಯ ಮೇಲ್ಮುಖ

ಕೈಗವಸು ಮೈಲಿಗೆಯಾಗದಂತೆ ಮಹ್‌ರುಖ್ ಮೊಣಕೈಯಿಂದಲೇ ಗುಂಡಿಯೊತ್ತಿ ಸೂಕ್ಷ್ಮದರ್ಶಕದ ದೀಪವನ್ನು ಆರಿಸಿಬಿಟ್ಟಳು. ಶಸ್ತ್ರಚಿಕಿತ್ಸಕ ಮೊಹ್ತಶಮರ ಚಿಮುಟ, ಕಣ್ಣೊಳಗೆ ಕೂರಿಸಬೇಕಿದ್ದ ಪೊರೆಯ ಬಟ್ಟಲಿನ ಮೇಲೆಯೇ ನಿಂತಿತು.

“ತಲೆ ಕೆಟ್ಟಿದೆಯೇನಮ್ಮ ನಿಂಗೆ?”

“ಪೊರೆ ಮಗುಚಿಕೊಂಡಿದೆ, ಡಾಕ್ಟರ್. ಮೇಲ್ಮುಖದ ಗುರುತಿಗೆ ಕತ್ತರಿಸಿದ ಮೂಲೆಯ ಕಚ್ಚು ಬಲಕ್ಕಿರಬೇಕು, ಎಡಕ್ಕಿದೆ. ಹೀಗೇ ಕೂರಿಸಿದ್ರೆ ಜೀವಕೋಶಗಳೆಲ್ಲ ತಪ್ಪು ಕಡೆ ಮುಖ ಮಾಡ್ತವೆ.”

ರೇಷ್ಮೆಯ ಸಾರದಿಂದ ಮಾಡಿದ, ಅಕ್ಕಿಕಾಳಿನಷ್ಟು ಪುಟ್ಟದಾದ ಆ ಪೊರೆಯ ಒಂದೇ ಮುಖದ ಮೇಲೆ ಅವಳು ಪ್ರಯೋಗಾಲಯದಲ್ಲಿ ನಲವತ್ತು ದಿನ ಅಕ್ಷಿಪಟಲದ ಜೀವಕೋಶಗಳನ್ನು ಬೆಳೆಸಿದ್ದಳು. ಇನ್ನೊಂದು ಪೊರೆ ಇರಲಿಲ್ಲ.

“ನೀನು ಹುಟ್ಟೋಕೆ ಮುಂಚೆಯಿಂದ ಕಣ್ಣು ಕೊಯ್ತಿದೀನಿ. ದೀಪ ಹಾಕು.”

“ತಿರುಗಿಸ್ತೀನಿ ಅನ್ನಿ, ಹಾಕ್ತೀನಿ. ಬೇಕಾದ್ರೆ ನಾಳೆ ನನ್ನ ಕೆಲಸದಿಂದ ತೆಗೀರಿ.”

ಹೊದಿಕೆಯಡಿ ಎಚ್ಚರವಾಗಿಯೇ ಮಲಗಿದ್ದ ರೋಗಿ, ಕಾಶಾನ್ ಪಟ್ಟಣದಲ್ಲಿ ರತ್ನಗಂಬಳಿ ನೇಯುತ್ತಿದ್ದ ಇಸ್ಮತ್ ಖಾನಂ, ಮಿಸುಕದೆ ಮಾತಾಡಿದಳು: “ಡಾಕ್ಟರ್ ಸಾಹೇಬ್ರೇ, ಗಂಬಳೀನ ಮಗುಚಿ ಹಾಸಿದ್ರೆ ಬಂದ ನೆಂಟರು ನಗ್ತಾರೆ, ಅಷ್ಟೆ. ಇದು ನನ್ನ ಕಣ್ಣು. ಆ ಹುಡುಗಿ ಮಾತು ಕೇಳಿ.”

ಮೊಹ್ತಶಮರು ಬಟ್ಟಲನ್ನು ಕಿಟಕಿಯ ಬೆಳಕಿಗೆ ಓರೆಮಾಡಿ, ಕಚ್ಚನ್ನು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ಚಿಮುಟದ ಹಿಡಿಯನ್ನು ಮಹ್‌ರುಖ್‌ಳ ಕಡೆಗೆ ಚಾಚಿದರು.

“ಬೆಳೆಸಿದವಳು ನೀನು. ನೀನೇ ಮಗುಚು.”